ಬೆಂಡೆಕಾಯಿ ತುದಿ ಮುರಿದು ನೋಡ್ತೀವಿ, ಮನೇನ ಯಾಕೆ ನೋಡಲ್ಲ?

ತರಕಾರಿ ಅಂಗಡಿ ಮುಂದೆ ನಾವು ಹೇಗೆ ನಿಲ್ತೀವಿ ಅಂತ ಒಮ್ಮೆ ನೆನಪು ಮಾಡ್ಕೊಳ್ಳಿ. ಬೆಂಡೆಕಾಯಿ ತುದಿ ಮುರಿದು ಎಳಸಾ ಬಲಿತದ್ದಾ ಅಂತ ನೋಡ್ತೀವಿ. ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀವಿ. ಬದನೆಕಾಯಿಯನ್ನು ಸುತ್ತ ತಿರುಗಿಸಿ ಎಲ್ಲಾದ್ರೂ ತೂತಿದೆಯಾ ಅಂತ ಹುಡುಕ್ತೀವಿ. ಹುಳುಕು ಕಂಡರೆ 'ಹತ್ತು ರೂಪಾಯಿ ಕಡಿಮೆ ಮಾಡಪ್ಪ, ಅರ್ಧ ಬಿಸಾಕ್ಬೇಕು' ಅಂತೀವಿ. ಹಾಗೆ ಕೇಳೋಕೆ ನಮಗೆ ನಾಚಿಕೆ ಇಲ್ಲ, ಅಂಗಡಿಯವನಿಗೂ ಬೇಜಾರಿಲ್ಲ.

ಅದೇ ನಾವು ಜೀವಮಾನದಲ್ಲಿ ಒಂದೇ ಒಂದು ಸಲ ಮನೆ ಕೊಳ್ಳುವಾಗ ಏನು ಮಾಡ್ತೀವಿ? ಎರಡು ಸಲ ಹೋಗ್ತೀವಿ. ಹಾಲ್‌ನಲ್ಲಿ ಕೂತು ಕಾಫಿ ಕುಡೀತೀವಿ. 'ಗಾಳಿ ಬೆಳಕು ಚೆನ್ನಾಗಿದೆ, ದೇವರ ಮನೆ ಈಶಾನ್ಯಕ್ಕಿದೆ' ಅಂತೀವಿ. ಒಳ್ಳೆ ದಿನ ನೋಡಿ ಟೋಕನ್ ಅಡ್ವಾನ್ಸ್ ಕೊಟ್ಟು ಸ್ವೀಟ್ ಹಂಚ್ತೀವಿ. ಅಡುಗೆಮನೆ ಆಗ್ನೇಯಕ್ಕಿದೆಯಾ ಅಂತ ನೋಡೋದಕ್ಕೆ ವಾಸ್ತುವಿನವರಿಗೆ ಸಾವಿರಾರು ರೂಪಾಯಿ ಕೊಡೋ ನಾವು, ಅದೇ ಅಡುಗೆಮನೆಯ ಗೋಡೆ ಒಳಗೆ ನೀರು ಇಳೀತಿದೆಯಾ ಅಂತ ನೋಡೋದಕ್ಕೆ ಒಬ್ಬ ಇಂಜಿನಿಯರ್‌ಗೆ ಅಷ್ಟೇ ದುಡ್ಡು ಕೊಡೋಕೆ ಹಿಂದೆಮುಂದೆ ನೋಡ್ತೀವಿ.

ತಪಾಸಣೆ ಮಾಡಿಸಿ ದೋಷ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಮೇಲೆ ಇನ್ನೂ ಕಷ್ಟದ ಪ್ರಶ್ನೆ ಬರುತ್ತೆ. ಮಾತು ಕೊಟ್ಟಾಗಿದೆ, ರೇಟು ಮುಗಿದಿದೆ. ಈಗ ಹೋಗಿ ಬೆಲೆ ಇಳಿಸಿ ಅಂತ ಕೇಳಬಹುದಾ? ಕೇಳಬಹುದು ಮಾತ್ರ ಅಲ್ಲ, ಕೇಳಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ನಮ್ಮ ಮನೆಯ ಕಥೆಯನ್ನೇ ಹೇಳ್ತೀನಿ.

ಹೊಸ ಬಣ್ಣ ಹೊಡೆದ ಒಂದೇ ಗೋಡೆ

ಹನ್ನೊಂದು ವರ್ಷ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಶ್ರೀರಾಂಪುರದ ಕಡೆ ಒಂದು ಮನೆ ನೋಡಿದ್ವಿ. ತರ್ಟಿ ಫಾರ್ಟಿ ಸೈಟು, ಕೆಳಗೊಂದು ಮೇಲೊಂದು ಅಂತಸ್ತು, ಕಟ್ಟಿ ಇಪ್ಪತ್ತೆರಡು ವರ್ಷ. ನಿವೃತ್ತರಾದ ದಂಪತಿ ಮಗಳ ಹತ್ತಿರ ಇರೋದಕ್ಕೆ ಅಂತ ಬೆಂಗಳೂರಿಗೆ ಹೊರಟಿದ್ರು. ಅವರು ಹೇಳಿದ್ದು 95 ಲಕ್ಷ. ದಲ್ಲಾಳಿ ನಡುವೆ ನಿಂತು 88ಕ್ಕೆ ಮುಗಿಸಿದ. ಒಂದು ಲಕ್ಷ ಟೋಕನ್ ಚೆಕ್ ಕೊಟ್ವಿ. ಹದಿನೈದು ದಿನದಲ್ಲಿ ಅಗ್ರಿಮೆಂಟ್ ಅಂತ ಮಾತಾಯ್ತು.

ನಮ್ಮ ಮನೆಯವರ ಪಿಎಫ್, ನನ್ನ ಬಳೆ, ಮಾವನವರು ಊರಿನ ಗದ್ದೆ ಮಾರಿ ಇಟ್ಟಿದ್ದ ದುಡ್ಡು, ಮೇಲೆ ಬ್ಯಾಂಕಿನ ಸಾಲ. ಹೇಳಬೇಕಂದ್ರೆ ನಮ್ಮ ಹತ್ತಿರ ಇದ್ದದ್ದೆಲ್ಲ.

ಎರಡನೇ ಸಲ ಹೋದಾಗ ಒಂದು ವಿಷಯ ನನ್ನ ತಲೆಯಲ್ಲಿ ಕೂತಿತ್ತು. ಮನೆಯ ಎಲ್ಲ ಗೋಡೆಯೂ ಹಳೆ ಬಣ್ಣ. ಊಟದ ಟೇಬಲ್ ಪಕ್ಕದ ಗೋಡೆ, ಅದರ ಮೇಲಿನ ಸೀಲಿಂಗು ಮಾತ್ರ ಹೊಸದಾಗಿ ಫಳಫಳ ಅಂತಿತ್ತು. ಹಬ್ಬಕ್ಕೆ ಬಣ್ಣ ಹೊಡೆಸೋರು ಒಂದೇ ಗೋಡೆಗೆ ಯಾಕೆ ಹೊಡೆಸ್ತಾರೆ? ಸೀರೆಗೆ ಒಂದೇ ಕಡೆ ತೇಪೆ ಹಾಕಿದ್ರೆ ಅಲ್ಲಿ ಹರಿದಿದೆ ಅಂತ ತಾನೇ ಅರ್ಥ!

ಮನೆಗೆ ಬಂದು ಹೇಳಿದೆ. 'ನಿಂಗೆ ಎಲ್ಲದರಲ್ಲೂ ಅನುಮಾನ' ಅಂದ್ರು ಇವರು. ನಾನು ಸುಮ್ಮನಾಗಲಿಲ್ಲ. ನಮ್ಮ ರಸ್ತೆಯಲ್ಲೇ ಲೋಕೋಪಯೋಗಿ ಇಲಾಖೆಯಲ್ಲಿದ್ದು ರಿಟೈರ್ ಆದ ಇಂಜಿನಿಯರ್ ಒಬ್ಬರಿದ್ದಾರೆ. ಅವರನ್ನ ಕೇಳಿದೆ. ಆರು ಸಾವಿರ ಫೀಸು, ಜೊತೆಗೆ ಎಲೆಕ್ಟ್ರಿಷಿಯನ್‌ಗೆ ಎಂಟುನೂರು. ಮಾರುವವರಿಗೆ ಫೋನ್ ಮಾಡಿ, 'ಅಂಕಲ್, ಒಂದ್ಸಲ ಇಂಜಿನಿಯರ್‌ಗೆ ತೋರಿಸ್ತೀವಿ' ಅಂತ ಅನುಮತಿ ತಗೊಂಡೆ. ಅವರಿಗೆ ಇಷ್ಟ ಇರಲಿಲ್ಲ. ಆದ್ರೆ ಬೇಡ ಅನ್ನಲಿಲ್ಲ.

ಎರಡು ಗಂಟೆ, ಒಂದು ಸುತ್ತಿಗೆ, ಒಂದು ಚಾಕ್‌ಪೀಸು

ಆ ಹಿರಿಯರು ತಪಾಸಣೆ ಮಾಡಿದ ರೀತಿ ನೋಡಿ ನನಗೆ ಅನ್ನಿಸಿದ್ದು ಇಷ್ಟೇ. ಇದರಲ್ಲಿ ಅರ್ಧ ನಾವೇ ಮಾಡಬಹುದಿತ್ತು.

ಮೊದಲು ತಾರಸಿಗೆ ಹೋದ್ರು. ನೀರು ಹೋಗೋ ಕಿಂಡಿಗಳಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಹಾಗೇ ಬಿಡಿ ಅಂದ್ರು. ಮೇಲಿನ ಬಾತ್‌ರೂಮಿನಲ್ಲೂ ಹಾಗೇ ಮಾಡಿದ್ರು. ಆಮೇಲೆ ಸಣ್ಣ ಸುತ್ತಿಗೆ ಹಿಡ್ಕೊಂಡು ಕಿಟಕಿ ಮೇಲಿನ ಸಜ್ಜಾಗಳ ತಳವನ್ನು ಟಕಟಕ ಅಂತ ಬಡಿದರು. ಗಟ್ಟಿ ಇದ್ದ ಕಡೆ ಗಟ್ಟಿ ಶಬ್ದ. ಎರಡು ಕಡೆ ಮಾತ್ರ ಬುಡುಬುಡು ಅಂತ ಟೊಳ್ಳು. 'ನೋಡಮ್ಮ, ಒಳಗೆ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಉಬ್ಬಿ ಕಾಂಕ್ರೀಟನ್ನ ಒಡೆದು ಹೊರಗೆ ತಳ್ಳುತ್ತೆ. ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದ್ರೆ ಎರಡು ಮಳೆಗಾಲ ಕಾಣಲ್ಲ, ಅಷ್ಟೇ' ಅಂದ್ರು.

ಸಂಪಿನೊಳಗೆ ನೀರಿನ ಮಟ್ಟಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದರು. ರಾತ್ರಿ ನೀರು ಬರೋ ವಾಲ್ವು, ಮೋಟಾರು ಎರಡನ್ನೂ ಬಂದ್ ಮಾಡಿಸಿದರು. ಬೆಳಗ್ಗೆ ಹೋಗಿ ನೋಡಿದ್ರೆ ನೀರು ನಾಲ್ಕು ಇಂಚು ಇಳಿದಿತ್ತು. ಎಲ್ಲಿ ಹೋಯ್ತು? ಸೀಳಿನಿಂದ ಭೂಮಿಗೆ. ತಾರಸಿಯ ನೀರು ಬೆಳಗಾಗೋದರೊಳಗೆ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒದ್ದೆ ಮಚ್ಚೆಯಾಗಿ ಕಾಣಿಸಿಕೊಂಡಿತ್ತು. ಬಾತ್‌ರೂಮಿನ ನೀರು ಆ ಫಳಫಳ ಗೋಡೆಯಲ್ಲಿ ಇಳಿದಿತ್ತು. ಎಲೆಕ್ಟ್ರಿಷಿಯನ್ ಹೇಳಿದ್ದು, ಅರ್ಥಿಂಗ್ ಸರಿ ಇಲ್ಲ, ಶಾಕ್ ಹೊಡೆದ್ರೆ ಕರೆಂಟ್ ತಾನೇ ಕಟ್ ಆಗೋ ಸ್ವಿಚ್ ಇಲ್ಲವೇ ಇಲ್ಲ, ವೈರಿಂಗ್ ಹಳೇದು, ಈಗಿನ ಗೀಸರ್, ಎಸಿ ಎಲ್ಲ ತಡೆಯಲ್ಲ.

ಇನ್ನೊಂದು ವಿಷಯ. ನಾನು ಹೆದರಿದ್ದ ಕೆಲವು ಬಿರುಕುಗಳನ್ನು ಅವರು ನೋಡಿ ನಕ್ಕುಬಿಟ್ಟರು. ಗಾರೆಯ ಮೇಲೆ ಕೂದಲೆಳೆಯ ಹಾಗಿರೋ ಗೆರೆಗಳು ಬರೀ ಗಾರೆಯವು, ಅದಕ್ಕೆ ಹೆದರಬೇಡಿ ಅಂದ್ರು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತೋ ಅಗಲವಾದ ಬಿರುಕು, ಕಂಬ ತೊಲೆಗಳ ಮೇಲಿನ ಬಿರುಕು, ವರ್ಷದಿಂದ ವರ್ಷಕ್ಕೆ ದೊಡ್ಡದಾಗೋ ಬಿರುಕು ಕಂಡರೆ ಮಾತ್ರ ನಿಲ್ಲಬೇಕಂತೆ. ನಮ್ಮ ಪುಣ್ಯ, ಅಂಥದ್ದು ಇರಲಿಲ್ಲ. ಪಾಯ, ಕಂಬ, ತೊಲೆ ಗಟ್ಟಿಯಾಗಿದ್ದವು.

ಅವರು ಎರಡು ಹಾಳೆ ವರದಿ ಬರೆದುಕೊಟ್ಟರು. ನಾವು ಇಬ್ಬರು ಮೇಸ್ತ್ರಿಗಳಿಂದ ಖರ್ಚಿನ ಅಂದಾಜು ಬರೆಸಿಕೊಂಡ್ವಿ. ತಾರಸಿಗೆ ವಾಟರ್‌ಪ್ರೂಫಿಂಗ್ 1,10,000. ಎರಡು ಬಾತ್‌ರೂಮು ಅಗೆದು ಮತ್ತೆ ಮಾಡೋದಕ್ಕೆ 1,80,000. ಸಜ್ಜಾ, ತುಕ್ಕಿನ ಕೆಲಸ 85,000. ವೈರಿಂಗ್ 1,40,000. ಸಂಪು 45,000. ಪೇಂಟಿಂಗ್ 60,000. ಒಟ್ಟು 6,20,000 ರೂಪಾಯಿ.

ಆ ಕಾಗದ ನೋಡಿ ನನಗೆ ಆ ರಾತ್ರಿ ಊಟ ಸೇರಲಿಲ್ಲ.

'ಮಾತಿಗೆ ಬೆಲೆ ಬೇಡ್ವೇನಮ್ಮ?'

ನಿಜವಾದ ಜಗಳ ಶುರುವಾಗಿದ್ದು ನಮ್ಮ ಮನೆಯಲ್ಲೇ. 'ಕೈ ಕುಲುಕಿ ಬಂದಿದ್ದೀನಿ. ಈಗ ಯಾವ ಮುಖ ಇಟ್ಕೊಂಡು ಕಡಿಮೆ ಮಾಡಿ ಅಂತ ಕೇಳ್ಲಿ?' ಅಂತ ಇವರು. 'ಮಾತಿಗೆ ಬೆಲೆ ಬೇಡ್ವೇನಮ್ಮ?' ಅಂತ ಮಾವ. ಅತ್ತೆ ಮಾತ್ರ ಏನೂ ಹೇಳದೆ ಅಕ್ಕಿ ಆರಿಸ್ತಾ ಕೂತಿದ್ರು.

ನಾನು ಹೇಳಿದ್ದು ಇಷ್ಟೇ. 'ಮಾವ, ನಾವು ಮಾತು ಕೊಟ್ಟಿದ್ದು ಕಣ್ಣಿಗೆ ಕಂಡ ಮನೆಗೆ. ಕಾಣದೇ ಇದ್ದದ್ದು ಈಗ ಕಾಣ್ತಾ ಇದೆ. ಅದನ್ನ ಅವರ ಮುಂದೆ ಇಡೋದು ಮಾತು ತಪ್ಪಿದ ಹಾಗೆ ಹೇಗಾಗುತ್ತೆ?' ಆಗ ಅತ್ತೆ ತಲೆ ಎತ್ತಿ, 'ಅವಳು ಹೇಳೋದ್ರಲ್ಲಿ ತಪ್ಪೇನಿದೆ? ಸೋರೋ ಮನೇಲಿ ಬಕೆಟ್ ಇಡೋರು ನೀವಲ್ಲ, ನಾವು' ಅಂದ್ರು. ಚರ್ಚೆ ಅಲ್ಲಿಗೆ ಮುಗೀತು.

ಅತ್ತೆಯ ಆ ಮಾತು ನಾನು ಮರೆಯಲ್ಲ. ಮನೆ ವ್ಯವಹಾರ ಗಂಡಸರದು ಅಂತ ನಾವೇ ಬಿಟ್ಟುಕೊಟ್ಟಿದ್ದೀವಿ. ರೇಟು ಮಾತಾಡುವಾಗ ನಾವು ಅಡುಗೆಮನೆ ನೋಡ್ತಾ ಇರ್ತೀವಿ. ಆದರೆ ಆ ಮನೆಯಲ್ಲಿ ಹಗಲೆಲ್ಲ ಇರೋದು ಯಾರು? ಒದ್ದೆ ಗೋಡೆಯ ವಾಸನೆ ಕುಡಿಯೋರು, ಬೂಷ್ಟು ಹಿಡಿದ ಬಟ್ಟೆ ಮತ್ತೆ ಒಗೆಯೋರು, ಕರೆಂಟ್ ಹೊಡೆಯೋ ನಲ್ಲಿ ಮುಟ್ಟೋರು ಯಾರು? ಹಾಗಿದ್ದ ಮೇಲೆ ಬೆಲೆ ಮಾತಾಡೋ ಜಾಗದಲ್ಲಿ ನಾವು ಕೂರಲೇಬೇಕು. ಚೌಕಾಸಿ ಮಾಡೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಮೊತ್ತ ದೊಡ್ಡದು, ಅಷ್ಟೇ ವ್ಯತ್ಯಾಸ.

ಕೇಳೋದು ಹೇಗೆ?

ಫೋನಿನಲ್ಲಿ ಕೇಳಬೇಡಿ, ದಲ್ಲಾಳಿ ಕೈಲಿ ಹೇಳಿಸಬೇಡಿ. ದಲ್ಲಾಳಿಗೆ ವ್ಯವಹಾರ ಮುಗಿದರೆ ಕಮಿಷನ್. ನಿಮ್ಮ ಮಾತನ್ನ ಅವನು ಅಲ್ಲಿ ಹೇಗೆ ಹೇಳ್ತಾನೋ ಗೊತ್ತಿಲ್ಲ. ನಮ್ಮ ದಲ್ಲಾಳಿ 'ಮೇಡಂ, ಹಳೆ ಮನೆ ಅಂದ್ಮೇಲೆ ಇದೆಲ್ಲ ಇರೋದೇ. ನೀವು ಹಿಂಗಂದ್ರೆ ಬೇರೆ ಪಾರ್ಟಿ ರೆಡಿ ಇದೆ' ಅಂದ. ಬೇರೆ ಪಾರ್ಟಿಯವರ ಮೇಲೂ ಅದೇ ಮಳೆ ಸುರಿಯುತ್ತೆ ಅಂತ ನಾನೂ ಹೇಳಿದೆ.

ನಾವು ನಾಲ್ಕೂ ಜನ ಸಂಜೆ ಹೊತ್ತು ಅವರ ಮನೆಗೆ ಹೋದ್ವಿ. ವರದಿಯ ಜೆರಾಕ್ಸ್, ಇಬ್ಬರು ಮೇಸ್ತ್ರಿಗಳ ಅಂದಾಜು ಕೈಲಿತ್ತು. ಹೋಗೋ ಮೊದಲೇ ನಾವು ಒಂದು ಕೆಲಸ ಮಾಡಿದ್ವಿ. 6,20,000ದಲ್ಲಿ ಪೇಂಟಿಂಗಿನ 60,000 ತೆಗೆದುಹಾಕಿದ್ವಿ. ಯಾವ ಮನೆಗೆ ಹೋದ್ರೂ ನಮ್ಮಿಷ್ಟದ ಬಣ್ಣ ಹೊಡೆಸೋದು ನಾವೇ ತಾನೇ? ಅದನ್ನ ಅವರ ತಲೆಗೆ ಕಟ್ಟೋದು ನ್ಯಾಯವಲ್ಲ. ಹಾಗಾಗಿ ಕೇಳಿದ್ದು 5,60,000.

ಅಂಕಲ್‌ಗೆ ಕೋಪ ಬಂತು. 'ಇಪ್ಪತ್ತೆರಡು ವರ್ಷ ನಾವೇ ಇದ್ದೀವಲ್ಲ, ನಮಗೇನಾಯ್ತು?' ಅಂದ್ರು. ಇವರು ನನ್ನ ಮುಖ ನೋಡಿದ್ರು. ನಾನು 'ನಿಮ್ಮ ಮನೇನ ಕೆಟ್ಟದ್ದು ಅಂತಿಲ್ಲ ಅಂಕಲ್. ಇಷ್ಟವಾಗಿರೋದಕ್ಕೇ ಮತ್ತೆ ಬಂದಿದ್ದೀವಿ. ಪಾಯ, ಕಂಬ ಗಟ್ಟಿಯಾಗಿದೆ ಅಂತಲೂ ಇದರಲ್ಲೇ ಬರೆದಿದ್ದಾರೆ. ಒಂದ್ಸಲ ಓದಿ' ಅಂತ ವರದಿ ಕೊಟ್ಟೆ. ಒಳ್ಳೇದೂ ಅದರಲ್ಲಿ ಬರೆದಿತ್ತಲ್ಲ, ಅದರಿಂದಲೇ ಅವರು ಕೂತು ಓದಿದರು ಅಂತ ನನಗನ್ನಿಸುತ್ತೆ.

ನಾನು ಆಂಟಿ ಜೊತೆ ಅಡುಗೆಮನೆಗೆ ಹೋದೆ. ಕಾಫಿ ಬೆರೆಸ್ತಾ ಅವರೇ ಮೆಲ್ಲಗೆ ಹೇಳಿದ್ರು. 'ಸುಳ್ಯಾಕೆ ಹೇಳ್ಲಿ, ಮಳೆಗಾಲದಲ್ಲಿ ಊಟದ ಟೇಬಲ್ ಪಕ್ಕಕ್ಕೆ ಸರಿಸ್ಕೋತೀವಿ. ಇವರಿಗೆ ಎಷ್ಟೋ ಸಲ ಹೇಳ್ದೆ ಕಣಮ್ಮ, ಮಾಡ್ಸಿ ಅಂತ. ಪೆನ್ಷನ್ ದುಡ್ಡಲ್ಲಿ ಎಲ್ಲಿ ಆಗುತ್ತೆ? ಅಲ್ಲಿ ಫ್ಲ್ಯಾಟಿಗೆ ಅಡ್ವಾನ್ಸ್ ಬೇರೆ ಕೊಟ್ಟಾಗಿದೆ, ನೀವು ಬೇಡ ಅಂದ್ಬಿಟ್ರೆ ಏನ್ಮಾಡೋದು ಅಂತ ಇವರಿಗೆ ನಿದ್ದೆ ಇಲ್ಲ.' ಅವರ ಕಷ್ಟವೂ ಸಣ್ಣದಲ್ಲ ಅಂತ ಆಗ ಗೊತ್ತಾಯ್ತು. ನಮ್ಮ ದುಡ್ಡು ನಮಗೆ ಹೇಗೋ, ಅವರ ಮನೆ ಅವರಿಗೆ ಹಾಗೆ.

ಅವರಿಗೆ ಅಡಚಣೆ ಇದೆ ಅಂತ ಗೊತ್ತಾದ ಮೇಲೆ ಇನ್ನೂ ಹಿಂಡಬಹುದಿತ್ತು. ನಾನು ಆ ಮಾತನ್ನ ಹೊರಗೆ ಬಂದು ಯಾರಿಗೂ ಹೇಳಲಿಲ್ಲ. ಹಿಂಡೋದು ಬೇರೆ, ಸರಿಯಾದ ಬೆಲೆ ಕೇಳೋದು ಬೇರೆ.

ಅಂಕಲ್ ಒಂದು ಒಳ್ಳೆ ಪ್ರಶ್ನೆ ಕೇಳಿದ್ರು. 'ವೈರಿಂಗ್ ಹಳೇದು ಅಂತ ಕಣ್ಣಿಗೇ ಕಾಣುತ್ತಲ್ಲ. ಹಳೆ ಮನೆ ಅಂತ ತಾನೇ 95ರಿಂದ 88ಕ್ಕೆ ಇಳಿದಿದ್ದು?' ಯೋಚನೆ ಮಾಡಿದ್ರೆ ಅದು ನಿಜ. ವಯಸ್ಸಿಗೆ ತಕ್ಕ ಸವಕಳಿಗೆ ಬೆಲೆ ಆಗಲೇ ಇಳಿದಿತ್ತು. ನಾವು ವೈರಿಂಗ್ ಬಿಟ್ವಿ. ಉಳಿದದ್ದು ತಾರಸಿ, ಬಾತ್‌ರೂಮು, ಸಜ್ಜಾ, ಸಂಪು, ಒಟ್ಟು 4,20,000. ಅವರೇ ರಿಪೇರಿ ಮಾಡಿಸಿಕೊಡ್ತೀನಿ ಅಂದ್ರು, ನಾವು ಬೇಡ ಅಂದ್ವಿ. ಮನೆ ಬಿಟ್ಟು ಹೋಗೋರು ಮಾಡಿಸೋ ರಿಪೇರಿ ಎಷ್ಟು ಗಟ್ಟಿ ಇರುತ್ತೆ ಅಂತ ಆ ಫಳಫಳ ಗೋಡೆಯೇ ತೋರಿಸಿತ್ತಲ್ಲ! ಕೊನೆಗೆ ನಾಲ್ಕು ಲಕ್ಷಕ್ಕೆ ಒಪ್ಪಂದ ಆಯ್ತು. ಮನೆ 84 ಲಕ್ಷಕ್ಕೆ. ಬಿಚ್ಚಿಕೊಂಡು ಹೋಗ್ಬೇಕು ಅಂತಿದ್ದ ಸೋಲಾರ್ ವಾಟರ್ ಹೀಟರನ್ನ ಅಂಕಲ್ ಬಿಟ್ಟುಕೊಟ್ಟರು. ಎಲ್ಲವನ್ನೂ ಅಗ್ರಿಮೆಂಟಿನಲ್ಲಿ ಬರೆಸಿದ್ವಿ.

ನಾಲ್ಕು ಲಕ್ಷ ಇಳಿದರೆ ಕೈಗೆ ಬರೋದೆಷ್ಟು?

ಇಲ್ಲೊಂದು ಲೆಕ್ಕ ಇದೆ. ಇದನ್ನ ಯಾರೂ ನಮಗೆ ಮೊದಲು ಹೇಳಿರಲಿಲ್ಲ. ಬೆಲೆ ನಾಲ್ಕು ಲಕ್ಷ ಇಳಿದಾಗ, ರಿಪೇರಿಗೆ ನಾಲ್ಕು ಲಕ್ಷ ಸಿಕ್ಕಿತು ಅಂತ ನಾನು ಖುಷಿಯಲ್ಲಿದ್ದೆ. ಸಿಗಲಿಲ್ಲ!

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲವಾದರೆ ಮನೆಯ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದ ಸಾಲವಾದರೆ ಶೇ. 80ರವರೆಗೆ, ಅದಕ್ಕೂ ಮೇಲೆ ಹೋದರೆ ಶೇ. 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ನಮ್ಮದು ಶೇ. 80ರ ಲೆಕ್ಕ. 88 ಲಕ್ಷಕ್ಕೆ ಸಾಲ 70.40 ಲಕ್ಷ, ನಮ್ಮ ಕೈಯಿಂದ 17.60 ಲಕ್ಷ. 84 ಲಕ್ಷಕ್ಕೆ ಸಾಲ 67.20 ಲಕ್ಷ, ಕೈಯಿಂದ 16.80 ಲಕ್ಷ. ಅಂದ್ರೆ ಕೈಯಲ್ಲಿ ಉಳಿದ ನಗದು 80,000 ಮಾತ್ರ. ಮಿಕ್ಕ 3,20,000 ಸಾಲದಲ್ಲಿ ಕಡಿಮೆಯಾಯ್ತು. ಅದೇನೂ ನಷ್ಟವಲ್ಲ. ಶೇ. 8.5 ಬಡ್ಡಿ, ಇಪ್ಪತ್ತು ವರ್ಷ ಅಂತ ಹಿಡಿದರೆ ತಿಂಗಳ ಕಂತಿನಲ್ಲಿ ಸುಮಾರು 2,775 ರೂಪಾಯಿ ಇಳಿಯುತ್ತೆ. ಆದರೆ ಮೇಸ್ತ್ರಿ ಕಂತಿನಲ್ಲಿ ದುಡ್ಡು ತಗೊಳ್ಳಲ್ಲವಲ್ಲ!

ಇನ್ನೊಂದು ಉಳಿತಾಯ ರಿಜಿಸ್ಟ್ರೇಷನ್‌ನಲ್ಲಿ. ನಮ್ಮ ರಾಜ್ಯದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಶೇ. 5 ಮುದ್ರಾಂಕ ಶುಲ್ಕ. ಸೆಸ್, ಸರ್‌ಚಾರ್ಜ್ ಸೇರಿ ನಗರಗಳಲ್ಲಿ ಶೇ. 5.6. ನೋಂದಣಿ ಶುಲ್ಕ ಮೊದಲು ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6. ನಾಲ್ಕು ಲಕ್ಷ ಇಳಿದಾಗ ಇದರಲ್ಲಿ 30,400 ಉಳಿಯಿತು. ಆದರೆ ಒಂದು ಎಚ್ಚರಿಕೆ. ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕೆಳಗೆ ನೀವು ಬೆಲೆ ಇಳಿಸಿಕೊಂಡರೂ ಶುಲ್ಕ ಮಾರ್ಗಸೂಚಿ ದರದ ಮೇಲೇ ಕಟ್ಟಬೇಕು. ಚೌಕಾಸಿಗೆ ಕೂರುವ ಮೊದಲೇ ಆ ದರ ತಿಳಿದುಕೊಂಡಿರಿ.

ನಾವು ಏನು ಮಾಡಿದ್ವಿ? ಮಾಡ್ಯುಲರ್ ಕಿಚನ್‌ಗೆ ಅಂತ ತೆಗೆದಿಟ್ಟಿದ್ದ ದುಡ್ಡನ್ನ ತಾರಸಿ ಮತ್ತು ಬಾತ್‌ರೂಮಿಗೆ ಹಾಕಿದ್ವಿ. ಎರಡು ತಿಂಗಳು ಹೆಚ್ಚು ಬಾಡಿಗೆ ಕೊಟ್ಟು ಹಳೆ ಮನೆಯಲ್ಲೇ ಇದ್ದು, ಕೆಲಸ ಮುಗಿದ ಮೇಲೆ ಗೃಹಪ್ರವೇಶ ಮಾಡಿದ್ವಿ. ಅರ್ಥಿಂಗು ಮತ್ತು ಆ ಸುರಕ್ಷತೆಯ ಸ್ವಿಚ್ಚನ್ನು ಮಾತ್ರ ಮೊದಲ ವಾರವೇ ಹಾಕಿಸಿದ್ವಿ. ಮಕ್ಕಳಿರೋ ಮನೆಯಲ್ಲಿ ಅದಕ್ಕೆ ಕಾಯೋ ಹಾಗಿಲ್ಲ. ಅಡುಗೆಮನೆ ಇವತ್ತಿಗೂ ಹಳೆ ಕಡಪ ಕಲ್ಲಿನದೇ. ಆದ್ರೆ ಒಣಗಿದೆ!

'ಬ್ಯಾಂಕಿನವರೇ ನೋಡ್ತಾರಲ್ಲ?'

ಬಹಳ ಜನ ಹೀಗೆ ಹೇಳ್ತಾರೆ. ಬ್ಯಾಂಕಿನಿಂದ ಒಬ್ಬರು ಬಂದು ನೋಡಿ ಹೋಗೋದು ನಿಜ. ಆದ್ರೆ ಅವರು ನೋಡೋದು, ನಾಳೆ ನೀವು ಸಾಲ ಕಟ್ಟದಿದ್ರೆ ಈ ಆಸ್ತಿ ಮಾರಿ ಬ್ಯಾಂಕ್ ತನ್ನ ದುಡ್ಡು ವಾಪಸ್ ತಗೋಬಹುದಾ ಅಂತ. ನಿಮ್ಮ ಬಾತ್‌ರೂಮು ಸೋರುತ್ತಾ ಅನ್ನೋದು ಅವರ ಚಿಂತೆಯಲ್ಲ. ವಕೀಲರು ನೋಡೋದು ಕಾಗದ ಪತ್ರ, ಖಾತೆ, ಋಣಭಾರ ಪ್ರಮಾಣಪತ್ರ. ಅದೆಲ್ಲ ಬೇಕೇಬೇಕು. ಆದ್ರೆ ಗೋಡೆಯನ್ನ ಯಾರೂ ನೋಡಲ್ಲ.

ಕಾನೂನು ಏನನ್ನುತ್ತೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಆದರೆ ಅದು ಕೊಳ್ಳುವವರು ಮಾಮೂಲಿ ಎಚ್ಚರದಿಂದ ನೋಡಿದರೂ ಸಿಗದಂಥ ದೋಷ ಆಗಿರಬೇಕು. ಅಂದ್ರೆ ನೋಡಿದ್ರೆ ಕಾಣೋದನ್ನ ನೋಡದೆ ಇದ್ದದ್ದು ನಮ್ಮ ತಪ್ಪೇ. 'ಇರುವ ಸ್ಥಿತಿಯಲ್ಲೇ ಒಪ್ಪಿದ್ದೇವೆ' ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಇದ್ದರೆ, ಸಹಿ ಹಾಕೋ ಮೊದಲು ವಕೀಲರ ಹತ್ತಿರ ಅದರ ಅರ್ಥ ಕೇಳಿ.

ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ಕೊಳ್ಳೋರಿಗೆ ಸ್ವಲ್ಪ ಹೆಚ್ಚು ರಕ್ಷಣೆ ಇದೆ. 2016ರ ರೇರಾ ಕಾಯ್ದೆ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ನಮ್ಮ ಹಾಗೆ ಒಂದು ಸಂಸಾರದಿಂದ ಹಳೆ ಮನೆ ಕೊಳ್ಳೋರಿಗೆ ಅದು ಇಲ್ಲ. ನಮ್ಮ ರಕ್ಷಣೆ ನಾವು ಸಹಿಗೆ ಮೊದಲು ಮಾಡೋ ತಪಾಸಣೆ, ಅಷ್ಟೇ.

ಯಾವಾಗ ಕೇಳಬಾರದು?

ಇದೂ ನನ್ನ ಗಟ್ಟಿ ಅಭಿಪ್ರಾಯ. ದೋಷ ಮೊದಲೇ ಗೊತ್ತಿದ್ದು ಬಾಯಿ ಮುಚ್ಚಿಕೊಂಡಿದ್ದು, ಮಾರುವವರು ಮನೆ ಖಾಲಿ ಮಾಡಿ ಸಾಮಾನು ಲಾರಿಗೆ ಏರಿಸಿದ ಮೇಲೆ, ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ನಿಂತು 'ಎರಡು ಲಕ್ಷ ಕಡಿಮೆ ಮಾಡಿ' ಅನ್ನೋರನ್ನ ನಾನು ಕಂಡಿದ್ದೀನಿ. ಅದು ಜಾಣತನ ಅಲ್ಲ, ದಗಾ. ಟೋಕನ್ ಕೊಟ್ಟ ವಾರದೊಳಗೆ ತಪಾಸಣೆ ಮಾಡಿಸಿ, ಸಿಕ್ಕಿದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿ, ಒಂದೇ ಸಲ ಬೆಲೆ ಕೇಳಿ. ದಿನಕ್ಕೊಂದು ನೆಪ ಹುಡುಕಿಕೊಂಡು ಹೋದ್ರೆ ಎದುರಿನವರಿಗೆ ನಂಬಿಕೆಯೇ ಹೋಗುತ್ತೆ.

ಕೆಲವು ಸಲ ಬೆಲೆ ಇಳಿಸೋದೇ ಉತ್ತರ ಅಲ್ಲ, ಎದ್ದು ಬರೋದೇ ಉತ್ತರ. ನನ್ನ ಗೆಳತಿಯೊಬ್ಬಳು ನೋಡಿದ ಮನೆಯಲ್ಲಿ ಕೆಳಗಿನ ಕಂಬಗಳಲ್ಲೇ ಬಿರುಕಿತ್ತು. ಮೇಲೆ ಎರಡು ಅಂತಸ್ತು ಆಮೇಲೆ ಏರಿಸಿದ್ರಂತೆ. ಮಾರುವವರು ಹತ್ತು ಲಕ್ಷ ಇಳಿಸ್ತೀನಿ ಅಂದ್ರು. ಅವಳ ಗಂಡನಿಗೆ ಆಸೆ ಆಯ್ತು. ಇವಳು ಒಪ್ಪಲಿಲ್ಲ. ಟೋಕನ್ ಕೊಟ್ಟಿದ್ದ 50,000 ವಾಪಸ್ ಬರಲಿಲ್ಲ. 'ಐವತ್ತು ಸಾವಿರ ಹೋಯ್ತು ನಿಜ, ಆದ್ರೆ ರಾತ್ರಿ ನಿದ್ದೆ ಬರುತ್ತೆ ಕಣೆ' ಅಂತಾಳೆ. ಅದಕ್ಕಿಂತ ಕಡಿಮೆ ಬೆಲೆಗೆ ನೆಮ್ಮದಿ ಎಲ್ಲಿ ಸಿಗುತ್ತೆ ಹೇಳಿ?

ನೆನಪಿರಲಿ

* ಟೋಕನ್ ಚಿಕ್ಕದಿರಲಿ, ಚೆಕ್ ಅಥವಾ ಬ್ಯಾಂಕ್ ಮೂಲಕ ಇರಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ ಅಂತ 2015ರಿಂದ ನಿಯಮವಿದೆ. ರಸೀದಿ ಇಲ್ಲದ ನಗದು ಕೊಟ್ಟವರಿಗೆ ಬೆಲೆ ಇಳಿಸಿ ಅಂತ ಕೇಳೋ ಧೈರ್ಯವೂ ಬರಲ್ಲ.

* 'ಇಂಜಿನಿಯರ್ ತಪಾಸಣೆಯಲ್ಲಿ ದೊಡ್ಡ ದೋಷ ಸಿಕ್ಕಿದರೆ ಬೆಲೆ ಮತ್ತೆ ಮಾತಾಡುವುದು, ಒಪ್ಪದಿದ್ದರೆ ಟೋಕನ್ ವಾಪಸ್' ಅಂತ ಟೋಕನ್ ಪತ್ರದಲ್ಲೇ ಒಂದು ಸಾಲು ಬರೆಸಿ. ನಾವು ಬರೆಸಿರಲಿಲ್ಲ, ಅವರ ಒಳ್ಳೇತನದಿಂದ ಬಚಾವಾದ್ವಿ.

* ಸಾಧ್ಯವಾದ್ರೆ ಒಂದ್ಸಲ ಮಳೆ ಬಂದ ಮರುದಿನ ಮನೆ ನೋಡಿ. ಕ್ಯಾಲೆಂಡರ್, ಬೀರು, ಸೋಫಾ ಹಿಂದಿನ ಗೋಡೆಯನ್ನೂ ನೋಡಿ. ಒಂದೇ ಕಡೆ ಹೊಸ ಬಣ್ಣ, ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನಂಥ ಪುಡಿ, ಉಬ್ಬಿದ ಬಾಗಿಲ ಚೌಕಟ್ಟು ಕಂಡರೆ ಕೇಳಿ.

* ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಶಬ್ದ ಬಂದ್ರೆ ಕೆಳಗೆ ಗಾರೆ ಹಿಡಿದಿಲ್ಲ ಅಂತ.

* ಒಬ್ಬ ಮೇಸ್ತ್ರಿಯ ಅಂದಾಜು ಸಾಲದು, ಇಬ್ಬರಿಂದ ಬರೆಸಿ. ಬಾಯಿಮಾತಿನ 'ಐದಾರು ಲಕ್ಷ ಆಗುತ್ತೆ'ಗಿಂತ ಬರೆದ ಕಾಗದಕ್ಕೆ ಬೆಲೆ ಜಾಸ್ತಿ.

* ಇಳಿಸಿದ ಬೆಲೆ, ಬಿಟ್ಟುಹೋಗೋ ವಸ್ತುಗಳು ಎಲ್ಲ ಅಗ್ರಿಮೆಂಟಿನಲ್ಲಿ ಬರಲಿ. ಬದಲಾದ ಬೆಲೆಯನ್ನ ಬ್ಯಾಂಕಿಗೂ ತಿಳಿಸಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಶೇ. 1 ಟಿಡಿಎಸ್ ಹಿಡಿದು ಕಟ್ಟೋ ಜವಾಬ್ದಾರಿ ಕೊಳ್ಳುವವರದೇ.

* ಮನೆ ಇಬ್ಬರ ಹೆಸರಲ್ಲೂ ಇರಲಿ. ನಿಮ್ಮ ಬಳೆ ಅದರಲ್ಲಿದ್ದರೆ ನಿಮ್ಮ ಹೆಸರೂ ಇರಬೇಕು ತಾನೇ?

ಮೊನ್ನೆ ಮಳೆ ಜೋರಾಗಿ ಬಂತು. ರಾತ್ರಿ ಎದ್ದು ಹೋಗಿ ಊಟದ ಟೇಬಲ್ ಪಕ್ಕದ ಗೋಡೆಯನ್ನ ಕೈಯಿಂದ ಮುಟ್ಟಿ ನೋಡಿದೆ. ಒಣಗಿತ್ತು. ಬೆಳಗ್ಗೆ ಬೆಂಗಳೂರಿನಿಂದ ಆಂಟಿ ಫೋನ್ ಮಾಡಿದ್ರು. 'ಮಳೆ ಬಂತಂತೆ, ಮನೆ ಸೋರ್ತಾ ಇಲ್ಲ ತಾನೇ?' ಅಂತ ಕೇಳಿದ್ರು. ಇಲ್ಲ ಆಂಟಿ ಅಂದೆ. 'ಸದ್ಯ' ಅಂದ್ರು.

ಬೆಲೆ ಮತ್ತೆ ಮಾತಾಡಿದ್ರೆ ಸಂಬಂಧ ಕೆಡುತ್ತೆ ಅನ್ನೋರಿಗೆ ನಾನು ಈ ಫೋನಿನ ವಿಷಯ ಹೇಳ್ತೀನಿ. ಮುಚ್ಚಿಟ್ಟಿದ್ರೆ, ಮೊದಲ ಮಳೆಗೇ ನಾನು ಅವರನ್ನ ಶಪಿಸ್ತಾ ಬಕೆಟ್ ಇಡ್ತಿದ್ದೆ. ಅವರು ಫೋನ್ ಮಾಡೋಕೆ ಹೆದರ್ತಿದ್ರು. ಎದುರು ಕೂತು ಕಾಗದ ಇಟ್ಟು ಮಾತಾಡಿದ್ದಕ್ಕೇ ಇಬ್ಬರಿಗೂ ಮುಖ ಉಳೀತು. ಮುಂದಿನ ಸಲ ನಿಮ್ಮ ಮನೆಯಲ್ಲಿ ಮನೆ ಕೊಳ್ಳೋ ಮಾತು ಬಂದಾಗ, ಬೆಂಡೆಕಾಯಿ ನೆನಪು ಮಾಡ್ಕೊಳ್ಳಿ. ತುದಿ ಮುರಿದು ನೋಡಿ, ಆಮೇಲೆ ಬೆಲೆ ಹೇಳಿ.